ಎಡಗಾಲಿನ ಹುಡುಗನನ್ನು ಬಲ ವಿಂಗ್‌ಗೆ ಹಾಕಬಹುದಾ? (ವಾಲ್ಟರ್ ಬಿರ್ಸಾ ಆಟದ ಬಗ್ಗೆ)

ಪೊನ್ನಂಪೇಟೆ 11:
ಅಂಡರ್-15 ತಂಡದಲ್ಲಿ ಒಬ್ಬ ಅಪ್ಪಟ ಎಡಗಾಲಿನ ಹುಡುಗ ಇದ್ದಾನೆ. ಬಲಗಾಲು ಬರೀ ನಿಲ್ಲೋದಕ್ಕೆ. ಈಗ ಎಡ ವಿಂಗ್‌ನಲ್ಲಿ ಗೆರೆ ಹಿಡಿದು ಓಡಿ ಕ್ರಾಸ್ ಹಾಕುತ್ತಾನೆ, ಗೋಲಿಗೆ ಹೊಡೆಯೋದೇ ಇಲ್ಲ. 2010ರ ವಿಶ್ವಕಪ್‌ನ ಸ್ಲೊವೇನಿಯಾ–ಅಮೆರಿಕ ಪಂದ್ಯ ನೋಡಿದರೆ ವಾಲ್ಟರ್ ಬಿರ್ಸಾ ಎಡಗಾಲಿನವನಾಗಿದ್ದೂ ಬಲಗಡೆ ಆಡ್ತಾನೆ. 13ನೇ ನಿಮಿಷದಲ್ಲಿ ಬಾಕ್ಸ್ ಹೊರಗಿಂದಲೇ ಹೊಡೆದ, ಅಮೆರಿಕದ ಕೀಪರ್ ಟಿಮ್ ಹೋವರ್ಡ್ ನಿಂತಲ್ಲೇ ನಿಂತ. ಹಾಗೆ ಆಡಿಸೋಕೆ ತಂಡದಲ್ಲಿ ಬೇರೆ ಏನೇನು ಬದಲಾಗಬೇಕು? ನಮ್ಮಲ್ಲಿ ಅರ್ಧ ಹುಡುಗರು ಹಾಕಿಯಿಂದ ಬಂದವರು, ಅದೂ ಗಮನದಲ್ಲಿರಲಿ. ಇನ್ನೊಂದು, ಬಿರ್ಸಾ ಕೊನೆಗೆ ವಿಂಗ್ ಬಿಟ್ಟು ನಡುವೆ ಆಡಿದ್ದು ಯಾಕೆ?

ಸುಂಟಿಕೊಪ್ಪ ಸೈಡ್‌ಲೈನ್:
ಹಾಕಬಹುದು. ಆದರೆ ಆ ಹುಡುಗನೊಬ್ಬನನ್ನೇ ನೋಡಿ ತೀರ್ಮಾನ ಮಾಡಬೇಡಿ. ಅವನ ಹಿಂದೆ ಯಾರು ಆಡ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಕೋಚ್ ಮತ್ಯಾಜ್ ಕೆಕ್ ಅವರ ಸ್ಲೊವೇನಿಯಾ 4-4-2 ಆಡ್ತಿತ್ತು, ಅಂದರೆ ಹಿಂದೆ ನಾಲ್ಕು ಡಿಫೆಂಡರ್, ನಡುವೆ ನಾಲ್ವರು, ಮುಂದೆ ಇಬ್ಬರು. ಬಲಕ್ಕೆ ಎಡಗಾಲಿನ ಬಿರ್ಸಾ, ಎಡಕ್ಕೆ ಬಲಗಾಲಿನ ಆಂಡ್ರಾಜ್ ಕಿರ್ಮ್. ಇಬ್ಬರಿಗೂ ಚೆಂಡು ಸಿಕ್ಕರೆ ಒಳಗೆ ಬರೋದೇ ಸಲೀಸು. ಒಳಗೆ ಬಂದ ಕೂಡಲೇ ಗೆರೆ ಪಕ್ಕದ ಜಾಗ ಖಾಲಿ. ಆ ಖಾಲಿಗೆ ಬಲ ಬ್ಯಾಕ್, ಅಂದರೆ ಬಲ ತುದಿಯ ಡಿಫೆಂಡರ್ ಬ್ರೆಚ್ಕೊ ಮೇಲಕ್ಕೆ ಹೋಗಬೇಕು. ಅವನು ಹೋದರೆ ಎದುರಾಳಿ ಡಿಫೆಂಡರ್‌ಗೆ ಇಬ್ಬರಲ್ಲಿ ಯಾರನ್ನು ಹಿಡಿಯೋದು ಅನ್ನೋ ಗೊಂದಲ. ಹೋಗದಿದ್ದರೆ ಡಿಫೆಂಡರ್ ಒಂದು ಹೆಜ್ಜೆ ಒಳಗೆ ನಿಂತು ನಿಮ್ಮ ಹುಡುಗನನ್ನು ಗೆರೆ ಕಡೆಗೇ ತಳ್ಳುತ್ತಾನೆ, ಚೆಂಡು ಬಲಗಾಲಿಗೆ ಬೀಳುತ್ತೆ, ಅಲ್ಲಿಗೆ ಕಥೆ ಮುಗೀತು.

ಬ್ಯಾಕ್ ಮೇಲೆ ಹೋಗಿರುವಾಗ ವಿಂಗರ್ ಒಳಗೆ ಚೆಂಡು ಕಳೆದುಕೊಂಡರೆ ಆ ಬದಿ ಪೂರ್ತಿ ತೆರೆದ ಬಾಗಿಲು. ಅದಕ್ಕೇ ನಡುವಿನ ಇಬ್ಬರಲ್ಲಿ ರಾಬರ್ಟ್ ಕೋರೆನ್ ಮುಂದೆ ಹೋದರೆ ರಾಡೊಸಾವ್ಲ್ಯೆವಿಚ್ ಹಿಂದೆ ಕಾಯ್ತಿದ್ದ. ನಿಮ್ಮ ತಂಡದಲ್ಲೂ ಒಬ್ಬನಿಗೆ ‘ನೀನು ದಾಟಬೇಡ’ ಅಂತ ಹೆಸರು ಹಿಡಿದು ಹೇಳಿಡಿ. ಇಬ್ಬರಿಗೂ ಹೇಳಿದರೆ ಯಾರೂ ಕಾಯೋದಿಲ್ಲ.

ಆ ಪಂದ್ಯ 2-2 ಆಯ್ತು ಅನ್ನೋದು ನೆನಪಿರಲಿ. ವಿರಾಮಕ್ಕೆ 2-0 ಮುಂದಿದ್ದವರು. 48ನೇ ನಿಮಿಷಕ್ಕೆ ಅಮೆರಿಕದ ಡೊನೊವನ್ ಗೋಲು ಹೊಡೆದದ್ದು ಸ್ಲೊವೇನಿಯಾದ ಎಡಬದಿಯಿಂದ ನುಗ್ಗಿ. 82ಕ್ಕೆ ಬ್ರಾಡ್ಲಿ ಸಮ ಮಾಡಿದ. ಕೊನೆಗೆ ಅವರ ಎಡು ಅನ್ನೋ ಆಟಗಾರ ಹೊಡೆದದ್ದನ್ನು ರೆಫರಿ ಒಪ್ಪದೇ ಇದ್ದದ್ದರಿಂದ ಒಂದು ಪಾಯಿಂಟ್ ಉಳೀತು. 20 ಲಕ್ಷ ಜನರ ದೇಶ ಅದು. 2011ರ ಜನಗಣತಿಯಲ್ಲಿ 5.54 ಲಕ್ಷ ಇದ್ದ ನಮ್ಮ ಕೊಡಗು ಜಿಲ್ಲೆಯನ್ನು ನಾಲ್ಕು ಸಲ ಕೂಡಿಸಿದರೂ ಅದಕ್ಕಿಂತ ಜಾಸ್ತಿ ಆಗುತ್ತೆ. ಆ ಒಂದು ಪಾಯಿಂಟಿನ ಬೆಲೆ ಅಂಥದ್ದು.

ರಿವರ್ಸ್ ಸ್ಟಿಕ್:
ಹಾಕಿ ಹುಡುಗರ ವಿಷಯ ನಾನು ಹೇಳ್ತೇನೆ. ಹಾಕಿಯಲ್ಲಿ ಎಡಗೈ ಸ್ಟಿಕ್ಕೇ ಇಲ್ಲ, ನಿಯಮದಲ್ಲಿ ಒಪ್ಪೋದಿಲ್ಲ. ಅಂದರೆ ಮೈದಾನದಲ್ಲಿರುವ ಅಷ್ಟೂ ಜನ ಒಂದು ರೀತಿಯಲ್ಲಿ ಬಲಗಾಲಿನವರೇ. ಲೆಫ್ಟ್ ಔಟ್, ಅಂದರೆ ಎಡ ತುದಿಯ ಫಾರ್ವರ್ಡ್ ಆಡಿದವನಿಗೆ ಚೆಂಡು ಬಲ ಮುಂಭಾಗದಲ್ಲಿರುತ್ತೆ, ಗೆರೆಯಿಂದ ಒಳಗೆ ತಿರುಗಿದರೆ ನೇರ ಫೋರ್‌ಹ್ಯಾಂಡ್ ಹೊಡೆತಕ್ಕೆ ಬರುತ್ತೆ. ಕಿರ್ಮ್ ಆಡ್ತಿದ್ದದ್ದು ಅದೇ ಲೆಕ್ಕ. ಹಾಗಾಗಿ ಹಾಕಿಯ ಲೆಫ್ಟ್ ಔಟ್ ಹುಡುಗ ಇದ್ದರೆ ಫುಟ್‌ಬಾಲಲ್ಲೂ ಎಡಕ್ಕೇ ಹಾಕಿ, ಹೇಳಿಕೊಡೋದು ಕಡಿಮೆ.

ಬಿರ್ಸಾ ಜಾಗಕ್ಕೆ ಮಾತ್ರ ಹಾಕಿಯಲ್ಲಿ ಜೋಡಿ ಇಲ್ಲ. ರೈಟ್ ಔಟ್‌ಗೆ ಗೆರೆ ಹಿಡಿದು ಓಡಿ ಎಡಕ್ಕೆ ಎಳೆದು ಹೊಡೆಯೋದೇ ಸುಲಭ ಅಂತ ಅಭ್ಯಾಸ ಆಗಿರುತ್ತೆ. ಅಂಥವರು ನಿಮ್ಮ ಬಲ ಬ್ಯಾಕ್ ಆಗಿದ್ದರೆ ಚಿನ್ನ, ವಿಂಗರ್‌ನ ಹೊರಗಿನಿಂದ ದಾಟಿ ಮುಂದೆ ಹೋಗೋ ಓವರ್‌ಲ್ಯಾಪ್ ಓಟ ಅವರ ಕಾಲಲ್ಲೇ ಇರುತ್ತೆ. ಎಡಗಾಲಿನವನ ಹಿಂದೆ ಅಂಥವನನ್ನು ನಿಲ್ಲಿಸಿ ನೋಡಿ.

ಪೊನ್ನಂಪೇಟೆ 11:
ಇದು ಹೊಳೆದೇ ಇರಲಿಲ್ಲ ಅಣ್ಣ. ಬಲ ಬ್ಯಾಕ್ ಹುಡುಗ ಹಾಕಿಯಲ್ಲಿ ರೈಟ್ ಔಟೇ. ಇನ್ನು ಆ ಹೊಡೆತ ಕಲಿಸೋದು ಹೇಗೆ? ಹತ್ತಕ್ಕೆ ಎಂಟು ಬಾರ್ ಮೇಲೆ ಹೋಗ್ತಿದೆ.

ಕೆಮ್ಮಣ್ಣು ಮೈದಾನ:
ಮೇಲೆ ಹೋಗೋದಕ್ಕೆ ಕಾರಣ ಹೊಡೆಯೋ ಕಾಲಲ್ಲ, ಊರೋ ಕಾಲು. ಎಡಗಾಲಿನವನಿಗೆ ಬಲಗಾಲು ಚೆಂಡಿನ ಪಕ್ಕ ಒಂದು ಗೇಣು ದೂರದಲ್ಲಿ ಊರಬೇಕು. ಚೆಂಡಿಗಿಂತ ಹಿಂದೆ ಊರಿದರೆ ಮೈ ಹಿಂದಕ್ಕೆ ವಾಲುತ್ತೆ, ಕಾಲು ಚೆಂಡಿನ ಬುಡಕ್ಕೆ ತಾಗುತ್ತೆ, ಚೆಂಡು ತೋಟಕ್ಕೆ ಹೋಗುತ್ತೆ. ಎರಡು ಪಂದ್ಯ ಅವನ ಮುಖ ನೋಡಬೇಡಿ, ಬಲಗಾಲೊಂದನ್ನೇ ನೋಡಿ, ಗೊತ್ತಾಗುತ್ತೆ.

ಅಭ್ಯಾಸ ಹೀಗೆ ಮಾಡಿಸಿ. ಬಾಕ್ಸಿನ ಬಲ ಮೂಲೆಯಿಂದ ಐದು ಮೀಟರ್ ಹೊರಗೆ ಒಂದು ಕೋನ್. ಅಲ್ಲಿಂದ ಒಳಮುಖವಾಗಿ ಓರೆಯಲ್ಲಿ ಆರು ಮೀಟರ್‌ಗೆ ಇನ್ನೊಂದು, ಅದೇ ಡಿಫೆಂಡರ್ ಅಂದುಕೊಳ್ಳಿ. ಬಲ ಬ್ಯಾಕ್ ಹಿಂದಿಂದ ಪಾಸ್ ಕೊಡಬೇಕು. ಹುಡುಗ ಗೆರೆಗೆ ಬೆನ್ನು ಕೊಟ್ಟು, ಇಡೀ ಮೈದಾನ ಕಾಣೋ ಹಾಗೆ ಅರ್ಧ ತಿರುಗಿ ನಿಂತಿರಬೇಕು. ಮೊದಲ ಟಚ್ ಎಡಗಾಲಿಂದ ಎರಡನೇ ಕೋನಿನ ಮುಂದಕ್ಕೆ, ಒಂದೂವರೆ ಎರಡು ಮೀಟರ್. ಅದಕ್ಕಿಂತ ಹತ್ತಿರ ಬಿದ್ದರೆ ಕಾಲು ಬೀಸೋಕೆ ಜಾಗ ಇಲ್ಲ, ದೂರ ಬಿದ್ದರೆ ಡಿಫೆಂಡರ್ ಪಾಲು. ಎರಡನೇ ಟಚ್ಚೇ ಹೊಡೆತ. ಮೂರನೇ ಟಚ್ ತಗೊಂಡರೆ ಶಿಳ್ಳೆ ಹಾಕಿ ನಿಲ್ಲಿಸಿ.

ಗುರಿ ದೂರದ ಕಂಬ. ಹೆಬ್ಬೆರಳಿನ ಬುಡದಿಂದ ಚೆಂಡಿನ ಹೊರ ಅರ್ಧಕ್ಕೆ ತಾಗಿಸಿದರೆ ಕಂಬದ ಹೊರಗೆ ಹೊರಟ ಚೆಂಡು ಬಲಕ್ಕೆ ಬಾಗಿ ಒಳಗೆ ಬರುತ್ತೆ. ಕೀಪರ್ ಹೊರಗೆ ಹೋಯ್ತು ಅಂದುಕೊಂಡು ಬಿಟ್ಟುಬಿಡೋದು ಇದರಲ್ಲೇ. ಐದು ಚೆಂಡಿನ ನಾಲ್ಕು ಸುತ್ತು ಸಾಕು, ನಡುವೆ ಎರಡು ನಿಮಿಷ ಬಿಡುವು. ಕಾಲು ಸೋತ ಮೇಲೆ ಹೊಡೆಸಿದರೆ ಮತ್ತೆ ಹಿಂದಕ್ಕೆ ವಾಲೋದನ್ನೇ ಕಲಿಯುತ್ತಾನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಪಂದ್ಯದಲ್ಲಿ ನಂಬಬೇಡಿ. ಹುಲ್ಲಿನ ಮೇಲೆ ಚೆಂಡು ಜಾರುತ್ತೆ, ಕೆಸರಲ್ಲಿ ಅಲ್ಲೇ ಕೂರುತ್ತೆ, ಆ ಒಂದೂವರೆ ಮೀಟರ್ ಟಚ್ ಲೆಕ್ಕ ಕೈಕೊಡುತ್ತೆ. ಊರೋ ಕಾಲು ಜಾರಿದರೆ ತೊಡೆಸಂದಿಗೆ ಪೆಟ್ಟು. ಮಳೆಯಲ್ಲಿ ಅವನನ್ನು ಹಳೇ ಜಾಗಕ್ಕೇ, ಎಡ ಗೆರೆಗೇ ಹಾಕಿ. ಬಲ ಮೂಲೆಯ ಕಾರ್ನರ್ ಮಾತ್ರ ಅವನಿಗೇ ಕೊಡಿ, ಎಡಗಾಲಿನದು ಗೋಲ್ ಕಡೆಗೇ ಬಾಗಿ ಬರುತ್ತೆ. ಒದ್ದೆ ಚೆಂಡು ಹಿಡಿಯೋ ಕೀಪರ್‌ಗೆ ಅದು ದೊಡ್ಡ ತಲೆನೋವು.

ಸುಂಟಿಕೊಪ್ಪ ಸೈಡ್‌ಲೈನ್:
ಕೊನೇ ಪ್ರಶ್ನೆ ಉಳಿದಿತ್ತು. ಬಿರ್ಸಾ ಹುಟ್ಟಿದ್ದು 1986. ಗೋರಿತ್ಸಾ ಕ್ಲಬ್ಬಿಂದ 2006ರಲ್ಲಿ ಫ್ರಾನ್ಸಿನ ಸೋಶೋಗೆ, ಆಮೇಲೆ ಓಸೇರ್‌ಗೆ. ಓಸೇರ್ 2009-10ರಲ್ಲಿ ಲೀಗಲ್ಲಿ ಮೂರನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗಿಗೆ ಹೋಯ್ತು. ರಿಯಲ್ ಮ್ಯಾಡ್ರಿಡ್, ಮಿಲಾನ್, ಅಯಾಕ್ಸ್ ಇದ್ದ ಗುಂಪು ಅದು. 2011ರಲ್ಲಿ ಇಟಲಿಗೆ ಬಂದ ಮೇಲೆ ಜೆನೋವಾ, ಟೊರಿನೊ, ಮಿಲಾನ್ ಅಂತ ಅಲೆದಾಟ.

ವೆರೋನಾದ ಕಿಯೇವೊ ಸೇರಿದ್ದು 2014ರಲ್ಲಿ, 28ನೇ ವಯಸ್ಸಿಗೆ. ಅಲ್ಲಿ ಕೋಚ್ ರೊಲಾಂಡೊ ಮರಾನ್ 4-3-1-2 ಆಡಿಸ್ತಿದ್ದರು. ಆ ರಚನೆಯಲ್ಲಿ ವಿಂಗರ್ ಅನ್ನೋ ಜಾಗವೇ ಇಲ್ಲ, ಅಗಲ ಕೊಡೋದು ಬ್ಯಾಕ್‌ಗಳು. ಬಿರ್ಸಾಗೆ ಇಬ್ಬರು ಫಾರ್ವರ್ಡ್‌ಗಳ ಹಿಂದಿನ ಆ ‘1’. ಯೋಚಿಸಿ ನೋಡಿದರೆ ದೊಡ್ಡ ಬದಲಾವಣೆ ಅಲ್ಲ. ಬಲಗಡೆಯಿಂದ ಒಳಗೆ ಬಂದು ಮುಟ್ಟುತ್ತಿದ್ದ ಜಾಗದಲ್ಲೇ ಈಗ ಮೊದಲಿಂದ ನಿಂತ. ಓಟ ಉಳೀತು, ಎಡಗಾಲು ಹಾಗೇ ಇತ್ತು.

ರಿವರ್ಸ್ ಸ್ಟಿಕ್:
ಮಿಲಾನ್‌ನಲ್ಲಿ ಮಾತ್ರ ಸೋತ ಅಲ್ವಾ?

ಸುಂಟಿಕೊಪ್ಪ ಸೈಡ್‌ಲೈನ್:
ಸೋತ ಅನ್ನೋದು ಅನ್ಯಾಯ ಮಾರಾಯ. ಮಿಲಾನಿನ ಆಟಗಾರ ಅಂಟೊನಿನಿ ಜೆನೋವಾಗೆ ಹೋದಾಗ ಆ ಕಡೆಯಿಂದ ಬಂದವನು ಬಿರ್ಸಾ, ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಸಾಂಪ್ಡೋರಿಯಾ ಮೇಲೆ 1-0, ಅಕ್ಟೋಬರ್‌ನಲ್ಲಿ ಉಡಿನೇಸೆ ಮೇಲೆ 1-0, ಎರಡರಲ್ಲೂ ಆ ಒಂದು ಗೋಲು ಅವನದೇ. 2014ರ ಜನವರಿಯಲ್ಲಿ ಕೋಚ್ ಅಲ್ಲೆಗ್ರಿಯನ್ನು ತೆಗೆದು ಸೀಡಾರ್ಫ್‌ನನ್ನು ತಂದರು, ಆಟ ಬದಲಾಯ್ತು. ಹೆಸರಿನ ಕ್ಲಬ್ಬಲ್ಲಿ ಬೆಂಚು ಕಾಯೋದಕ್ಕಿಂತ ಕಿಯೇವೊದಲ್ಲಿ ನಾಲ್ಕೂವರೆ ವರ್ಷ ಆಡಿದ್ದೇ ಒಳ್ಳೇದಾಯ್ತು. 2019ರ ಜನವರಿಯಲ್ಲಿ ಕಾಲ್ಯಾರಿಗೆ ಹೋದಾಗಲೂ ಅಲ್ಲಿ ಕೋಚ್ ಅದೇ ಮರಾನ್.

ಕೆಮ್ಮಣ್ಣು ಮೈದಾನ:
ಪೊನ್ನಂಪೇಟೆಯವರೇ, ಒಂದು ಮಾತು ಬಿಟ್ಟುಹೋಗಿತ್ತು. ಚೆಂಡಿಗೆ ಗಾಳಿ ಎಷ್ಟು ಹಾಕ್ತೀರಿ? ನಿಯಮ ಒಪ್ಪೋದು 0.6ರಿಂದ 1.1 ಅಟ್ಮಾಸ್ಫಿಯರ್ ಒತ್ತಡ. ಸೈಕಲ್ ಪಂಪಲ್ಲಿ ಕಣ್ಣಂದಾಜಿಗೆ ಹಾಕಿದರೆ ಕಲ್ಲಾಗಿರುತ್ತೆ, ಅಂಥದ್ದು ಕಾಲಿಗೆ ಅಂಟೋದೇ ಇಲ್ಲ, ಬಾಗಿಸೋದು ದೂರದ ಮಾತು. ಅಭ್ಯಾಸಕ್ಕೆ 0.7ರ ಸುತ್ತ ಇಟ್ಟು ನೋಡಿ, ಆಮೇಲೆ ಹತ್ತಕ್ಕೆ ಎಷ್ಟು ಮೇಲೆ ಹೋಗುತ್ತೆ ಹೇಳಿ.