ಡಯಾನಬಾಲ್ ಮಾತ್ರೆ, ತುರಿಕೆ, ಕಾಮಾಲೆ: ಈ ವರದಿಯನ್ನು ಹೇಗೆ ಓದಬೇಕು?

ಪ್ರಶ್ನೆ

ನನ್ನ ತಮ್ಮನಿಗೆ 24 ವರ್ಷ. ದೇಹದಾರ್ಢ್ಯ ಸ್ಪರ್ಧೆಯ ತಯಾರಿಗೆಂದು ಜಿಮ್ಮಿನ ಪರಿಚಿತರೊಬ್ಬರು ಕೊಟ್ಟ ಡಯಾನಬಾಲ್ ಎಂಬ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಮಾತ್ರೆಗಳನ್ನು ಅವನು ಏಳು ವಾರಗಳಿಂದ ನುಂಗುತ್ತಿದ್ದನೆಂಬುದು ನಮಗೆ ಗೊತ್ತಾದದ್ದು ಮೊನ್ನೆಯಷ್ಟೆ. ಹತ್ತು ದಿನಗಳಿಂದ ಅಂಗೈ, ಅಂಗಾಲುಗಳಲ್ಲಿ ವಿಪರೀತ ತುರಿಕೆ. ರಾತ್ರಿಯೆಲ್ಲ ಬಾಚಣಿಗೆಯಿಂದ ಕಾಲು ಕೆರೆದುಕೊಳ್ಳುತ್ತ ಕುಳಿತಿರುತ್ತಾನೆ. ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದೆ. ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣದ ವಸ್ತು) 9.2, ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವಗಳಾದ ಎಸ್‌ಜಿಪಿಟಿ 88, ಎಸ್‌ಜಿಒಟಿ 71 ಬಂದಿವೆ. ಎಸ್‌ಜಿಪಿಟಿ ನೂರನ್ನೂ ದಾಟಿಲ್ಲವಾದ್ದರಿಂದ ಲಿವರ್ ಚೆನ್ನಾಗಿಯೇ ಇದೆ ಎಂಬುದು ಅವನ ವಾದ; ಅಮ್ಮ ಕಾಮಾಲೆಯ ನಾಟಿ ಔಷಧಿ ಕೊಡಿಸೋಣ ಎನ್ನುತ್ತಾರೆ. ದಯವಿಟ್ಟು ತಿಳಿದವರು ತಿಳಿಸಿ.

ಉತ್ತರ 1 (ನಾನು ವೈದ್ಯ)

ತಮ್ಮನ ವಾದ ತಪ್ಪು. ಸ್ಟೀರಾಯ್ಡ್ ಮಾತ್ರೆಗಳಿಂದ ಬರುವ ಕಾಮಾಲೆಯ ಲಕ್ಷಣವೇ ಇದು: ಯಕೃತ್ತಿನ ಜೀವಕೋಶಗಳು ಅಷ್ಟಾಗಿ ಸಾಯುವುದಿಲ್ಲ, ಹಾಗಾಗಿ ಎಸ್‌ಜಿಪಿಟಿ ಹೆಚ್ಚು ಏರುವುದಿಲ್ಲ; ಆದರೆ ಪಿತ್ತರಸವನ್ನು ಹೊರಹಾಕುವ ಕೆಲಸ ಕುಂಠಿತಗೊಂಡು ಬಿಲಿರುಬಿನ್ ಒಂದೇ ಸಮನೆ ಏರುತ್ತದೆ, ಹರಿಯದೆ ಉಳಿದ ಪಿತ್ತವೇ ತುರಿಕೆಗೆ ಕಾರಣವಾಗುತ್ತದೆ. ಸಾಮಾನ್ಯವಾಗಿ ಮಾತ್ರೆ ಆರಂಭಿಸಿದ ಒಂದರಿಂದ ನಾಲ್ಕು ತಿಂಗಳೊಳಗೆ ಇದು ಕಾಣಿಸಿಕೊಳ್ಳುತ್ತದೆ.

ಈ ಸ್ಟೀರಾಯ್ಡ್ ಮಾತ್ರೆಗಳು ಗಂಡಸರ ಹಾರ್ಮೋನಾದ ಟೆಸ್ಟೊಸ್ಟಿರಾನಿನ ಮಾರ್ಪಾಡುಗಳು. ಬರಿಯ ಟೆಸ್ಟೊಸ್ಟಿರಾನನ್ನು ನುಂಗಿದರೆ ಯಕೃತ್ತು ಅದನ್ನು ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. 1958ರಲ್ಲಿ ಸೀಬಾ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಡಯಾನಬಾಲ್‌ನಂಥ ಮಾತ್ರೆಗಳಲ್ಲಿ 17ನೇ ಇಂಗಾಲಕ್ಕೆ ಮೀಥೈಲ್ ಗುಂಪೊಂದನ್ನು ಜೋಡಿಸಿರುವುದು ಈ ಒಡೆತವನ್ನು ತಪ್ಪಿಸಲೆಂದೇ. ಮಾತ್ರೆಯ ಶಕ್ತಿಯೂ ವಿಷವೂ ಅದೇ ಜಾಗದಲ್ಲಿವೆ.

ಮಾತ್ರೆಯನ್ನು ಇಂದೇ ನಿಲ್ಲಿಸಿ, ಯಕೃತ್ತಿನ ತಜ್ಞರನ್ನು ನಾಳೆಯೇ ಕಾಣಿರಿ. ಹೆಪಟೈಟಿಸ್ ಎ, ಬಿ, ಇ ಪರೀಕ್ಷೆಗಳು, ಹೊಟ್ಟೆಯ ಸ್ಕ್ಯಾನ್, ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ) ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಆಗಲೇಬೇಕು; ಬಿಲಿರುಬಿನ್ ಬಹಳ ಏರಿದಾಗ ಮೂತ್ರಪಿಂಡವೂ ಕೆಡಬಹುದು. ಏನು ಬೆರೆತಿದೆಯೆಂದು ತಿಳಿಯದ ನಾಟಿ ಔಷಧಿ ಈಗ ಬೇಡವೆಂದು ಅಮ್ಮನಿಗೆ ಹೇಳಿ.

ಉತ್ತರ 2

ಹಿಂದೆ ಸ್ಪರ್ಧಿಸುತ್ತಿದ್ದವನಾಗಿ ಎರಡು ಮಾತು. ಚುಚ್ಚುಮದ್ದು ತೆಗೆದುಕೊಂಡರೆ ಲಿವರ್‌ಗೆ ಏನೂ ಆಗದು ಎಂದು ಜಿಮ್ಮಿನಲ್ಲಿ ಹೇಳಿಕೊಡುತ್ತಾರೆ. ಟೆಸ್ಟೊಸ್ಟಿರಾನ್ ಚುಚ್ಚುಮದ್ದಿನ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಟಗಾರ ಬೆನ್ ಜಾನ್ಸನ್ ಬಳಸಿ ಸಿಕ್ಕಿಬಿದ್ದ ಸ್ಟೀರಾಯ್ಡ್ ಆದ ಸ್ಟಾನಜೊಲಾಲ್‌ಗೂ ಅದೇ ಮೀಥೈಲ್ ಬಾಲವಿರುವುದರಿಂದ ಅದನ್ನು ಸೂಜಿಯಲ್ಲಿ ಕೊಟ್ಟರೂ ಯಕೃತ್ತಿಗೆ ಬಿಡುಗಡೆಯಿಲ್ಲ. ಇನ್ನೊಂದು, ಭಾರ ಎತ್ತುವವರ ಸ್ನಾಯುಗಳಿಂದಲೂ ಎಸ್‌ಜಿಒಟಿ, ಎಸ್‌ಜಿಪಿಟಿ ಏರುತ್ತವೆ. ನಾನು ವರ್ಷಗಟ್ಟಲೆ ಇದೇ ನೆಪ ಹೇಳಿಕೊಂಡು ವೈದ್ಯರ ಮುಂದೆ ಮಾತ್ರೆಯ ಹೆಸರೆತ್ತಲಿಲ್ಲ. ಸ್ನಾಯುಗಳಿಂದ ಬಾರದ, ಯಕೃತ್ತಿನ ಇನ್ನೊಂದು ಕಿಣ್ವವಾದ ಜಿಜಿಟಿಯನ್ನೂ ಪರೀಕ್ಷಿಸಿದಾಗಲೇ ಬಣ್ಣ ಬಯಲಾದದ್ದು.

ಪ್ರಶ್ನೆ ಕೇಳಿದವರು

ಮಾತ್ರೆ ನಿಲ್ಲಿಸಿದ್ದಾನೆ, ನಾಳೆ ತಜ್ಞರ ಭೇಟಿಯಿದೆ. ಅವನ ಬ್ಯಾಗಿನಲ್ಲಿ ಚೀಟಿಯೇ ಇಲ್ಲದ ಪ್ಲಾಸ್ಟಿಕ್ ಡಬ್ಬಿಯೊಂದು ಸಿಕ್ಕಿತು. ಅದನ್ನೂ ಒಯ್ಯಬೇಕೆ?

ಉತ್ತರ 1

ಖಂಡಿತ ಒಯ್ಯಿರಿ. ಸ್ಕ್ಯಾನ್ ಮಾಡುವವರಿಗೂ ಸ್ಟೀರಾಯ್ಡ್ ವಿಷಯವನ್ನು ತಿಳಿಸಿ. ದೀರ್ಘಕಾಲ ಬಳಸಿದವರ ಯಕೃತ್ತಿನಲ್ಲಿ ಗೆಡ್ಡೆಗಳೂ ರಕ್ತ ತುಂಬಿದ ಗುಳ್ಳೆಗಳೂ ಇರಬಹುದಾದ್ದರಿಂದ ಅವರು ಅದನ್ನೂ ಹುಡುಕುತ್ತಾರೆ. ಮಾತ್ರೆ ಬಿಟ್ಟ ಮೇಲೂ ಕಾಮಾಲೆ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಮೊದಲ ಕೆಲವು ದಿನ ಬಿಲಿರುಬಿನ್ ಇನ್ನೂ ಏರಿದರೆ ಗಾಬರಿಯಾಗಬೇಡಿ, ಆದರೆ ಮಂಪರು ಅಥವಾ ರಕ್ತಸ್ರಾವ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.