ಪ್ರಾಜೆಕ್ಟಿಗೆ 40 ಪ್ರಶ್ನೆಯ ಫಾರ್ಮ್ ಬೇಡ, ಓಟದ ಟೈಮಿಂಗ್ ನೋಡಿ

ಪ್ರಶ್ನೆ (ಎಂ.ಎ. ಅರ್ಥಶಾಸ್ತ್ರ ವಿದ್ಯಾರ್ಥಿನಿ, ಶಿವಮೊಗ್ಗ):
ಮೇಡಂ, ನಮಸ್ತೆ. ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟ್ ಮಾಡಬೇಕು. ಕ್ರೀಡೆ, ಪ್ರವಾಸೋದ್ಯಮ, ಬಿಹೇವಿಯರಲ್ ಎಕನಾಮಿಕ್ಸ್ (ಜನ ನಿಜವಾಗಿ ಹೇಗೆ ನಿರ್ಧಾರ ಮಾಡುತ್ತಾರೆ ಅನ್ನುವ ಅರ್ಥಶಾಸ್ತ್ರ) ಮೂರೂ ನನಗೆ ಇಷ್ಟ. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಟಕ್ಕೆ ಹೊರಗಿನ ಊರುಗಳಿಂದ ಬರುವವರ ಮೇಲೆ ಮಾಡೋಣ ಅಂತಿದ್ದೇನೆ. ಗೂಗಲ್ ಫಾರ್ಮಿನಲ್ಲಿ 40 ಪ್ರಶ್ನೆ ಹಾಕಿ, ವಾಟ್ಸಾಪ್ ಗುಂಪುಗಳಿಗೆ ಕಳಿಸಿ, 200 ಉತ್ತರ ಬಂದರೆ ಸಾಕಾ? 'ಟೈಮಿಂಗ್ ಗುರಿ ನಿಮಗೆ ಎಷ್ಟು ಮುಖ್ಯ, 1ರಿಂದ 5ರೊಳಗೆ ಹೇಳಿ', 'ಓಟ ಮುಗಿದ ಮೇಲೆ ಊರು ನೋಡಲು ಉಳಿಯುತ್ತೀರಾ', ಇಂಥ ಪ್ರಶ್ನೆಗಳು. ಕೈಯಲ್ಲಿ ದುಡ್ಡಿಲ್ಲ, ಇರುವುದು ಮೂರೇ ತಿಂಗಳು.

ಉತ್ತರ (ಅರ್ಥಶಾಸ್ತ್ರ ಅಧ್ಯಾಪಕಿ):
ಓಟವನ್ನು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಫಾರ್ಮ್ ಮಾತ್ರ ಬಿಡಿ ಅಂತೀನಿ. 'ಗುರಿ ಮುಖ್ಯವಾ' ಅಂತ ಕೇಳಿದರೆ ಎಲ್ಲರೂ 4 ಅಥವಾ 5 ಒತ್ತುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಜನ ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಮಾಡಿದರು ಅನ್ನುವುದನ್ನು ಹಿಡಿಯಿರಿ. ಓಟದಲ್ಲಿ ಅದು ಸೆಕೆಂಡ್ ಲೆಕ್ಕದಲ್ಲಿ ದಾಖಲಾಗಿರುತ್ತದೆ.

ಆಲೆನ್, ಡೆಚೌ, ಪೋಪ್, ವೂ ಅನ್ನುವ ನಾಲ್ವರು ಸಂಶೋಧಕರು ಸುಮಾರು 1 ಕೋಟಿ ಮ್ಯಾರಥಾನ್ ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದರು. 2017ರಲ್ಲಿ ಅದು ಪ್ರಕಟವಾಯಿತು. ಓಡುವುದು ಬರೀ ಕಾಲಿನ ಶಕ್ತಿಯ ಮಾತಾಗಿದ್ದರೆ, ಯಾವ ಸಮಯಕ್ಕೆ ಎಷ್ಟು ಜನ ಮುಗಿಸಿದರು ಅನ್ನುವ ಚಾರ್ಟ್ ನುಣ್ಣಗೆ ಏರಿ ಇಳಿಯಬೇಕಿತ್ತು. ಹಾಗಾಗಲಿಲ್ಲ. 4 ಗಂಟೆಗೆ ಸ್ವಲ್ಪ ಮೊದಲು ಮುಗಿಸಿದವರು ಗುಡ್ಡೆ ಬಿದ್ದಿದ್ದರು. 4 ಗಂಟೆ ದಾಟಿದ ತಕ್ಷಣ ಸಂಖ್ಯೆ ದಡಕ್ಕನೆ ಇಳಿದಿತ್ತು. 3 ಗಂಟೆಯ ಹತ್ತಿರವೂ ಹಾಗೇ. ಕೊನೆಯ 2 ಕಿಲೋಮೀಟರಿಗೆ ಎಲ್ಲರೂ ಸುಸ್ತಾಗಿರುತ್ತಾರೆ ಅಲ್ವಾ? ಆದರೆ ಇನ್ನೊಂದು ಸ್ವಲ್ಪ ಜೋರಾಗಿ ಓಡಿದರೆ 4 ಗಂಟೆಯೊಳಗೆ ಮುಗಿಸಬಹುದು ಅನ್ನುವವರು ಬೇರೆಯವರಷ್ಟು ನಿಧಾನವಾಗಲಿಲ್ಲ.

3 ಗಂಟೆ 59 ನಿಮಿಷಕ್ಕೂ 4 ಗಂಟೆ 1 ನಿಮಿಷಕ್ಕೂ ದೇಹಕ್ಕೆ ಯಾವ ವ್ಯತ್ಯಾಸವೂ ಇಲ್ಲ. ಮನಸ್ಸಿಗೆ ಒಂದು ಗೆಲುವು, ಇನ್ನೊಂದು ಸೋಲು. ಕಾನಮನ್ ಮತ್ತು ಟ್ವರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ್ದು ಇದನ್ನೇ. ನಾವು ಲಾಭ ನಷ್ಟವನ್ನು ಮನಸ್ಸಿನಲ್ಲಿ ಹಾಕಿಕೊಂಡ ಒಂದು ಗೆರೆಯಿಂದ ಅಳೆಯುತ್ತೇವೆ, ಗೆರೆಯ ಕೆಳಗೆ ಬಿದ್ದಾಗ ಆಗುವ ನೋವು ಜಾಸ್ತಿ.

10 ಕಿಲೋಮೀಟರಿಗೆ ನಿಮ್ಮ ಗೆರೆ 60 ನಿಮಿಷ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ: 60 ನಿಮಿಷಕ್ಕೆ ಮೊದಲು ಗುಡ್ಡೆ ಇದೆಯಾ? ಇದ್ದರೆ, ಹೊರ ಊರಿನವರಲ್ಲಿ ಅದು ದೊಡ್ಡದಾ?

ಒಂದು ವಿಷಯದಲ್ಲಿ ಹುಷಾರು. ಫಲಿತಾಂಶದಲ್ಲಿ ಎರಡು ಬಗೆಯ ಸಮಯ ಇರಬಹುದು. ಓಟ ಶುರುವಾದ ಕ್ಷಣದಿಂದ ಎಣಿಸಿದ್ದು ಗನ್ ಟೈಮ್. ನೀವು ಸ್ಟಾರ್ಟ್ ಗೆರೆ ದಾಟಿದಾಗಿಂದ, ಎದೆಗೆ ಸಿಕ್ಕಿಸುವ ನಂಬರ್ ಚೀಟಿಯಾದ ಬಿಬ್‌ನಲ್ಲಿರುವ ಚಿಪ್ ಎಣಿಸಿದ್ದು ನೆಟ್ ಟೈಮ್. ಸಾವಿರಾರು ಜನರ ಹಿಂದೆ ನಿಂತವನು ಸ್ಟಾರ್ಟ್ ಗೆರೆ ಮುಟ್ಟುವ ಹೊತ್ತಿಗೇ ಕೆಲವು ನಿಮಿಷ ಹೋಗಿರುತ್ತವೆ. ಅವನ ಕೈಗಡಿಯಾರದಲ್ಲಿರುವುದು ನೆಟ್ ಟೈಮ್, ಅವನು ಓಡುವುದೂ ಅದನ್ನೇ ನೋಡಿಕೊಂಡು. ಗನ್ ಟೈಮ್ ತೆಗೆದುಕೊಂಡರೆ ಇರುವ ಗುಡ್ಡೆಯೂ ಕಲಸಿಹೋಗುತ್ತದೆ.

ಸಂಘಟಕರಿಗೆ ಕಾಲೇಜಿನ ಪತ್ರದ ಜೊತೆ ಕೇಳಿ. ಹೆಸರು, ಬಿಬ್ ನಂಬರ್ ಬೇಡ ಅಂತ ನೀವೇ ಬರೆಯಿರಿ. ವಯಸ್ಸಿನ ಗುಂಪು, ಲಿಂಗ, ಊರು, ಸಮಯ ಇಷ್ಟು ಸಾಕು. ನಡುವೆ 5 ಕಿಲೋಮೀಟರಿನ ಸಮಯ ಸಿಕ್ಕರಂತೂ ತುಂಬಾ ಒಳ್ಳೆಯದು. ಅರ್ಧ ದಾರಿಯಲ್ಲಿ 30 ನಿಮಿಷಕ್ಕೆ ಸ್ವಲ್ಪ ಹಿಂದಿದ್ದವರು ಉಳಿದರ್ಧದಲ್ಲಿ ಏನು ಮಾಡಿದರು ಅಂತ ನೋಡಬಹುದು.

ಪ್ರತಿಕ್ರಿಯೆ (ಓಟಗಾರ, ಮೈಸೂರು):
ಮೇಡಂ, ಒಂದು ಅನುಮಾನ. ದೊಡ್ಡ ಓಟಗಳಲ್ಲಿ ಪೇಸರ್‌ಗಳು ಇರುತ್ತಾರೆ. '60' ಅಂತ ಬರೆದ ಬಾವುಟ ಹಿಡಿದು 60 ನಿಮಿಷಕ್ಕೆ ಮುಗಿಯುವ ವೇಗದಲ್ಲಿ ಓಡುತ್ತಾರೆ, ಅವರ ಹಿಂದೆ ಒಂದು ಹಿಂಡೇ ಹೋಗುತ್ತದೆ. ಆ ಗುಡ್ಡೆ ಮನಸ್ಸಿನಿಂದ ಬಂದದ್ದಲ್ಲ, ಬಾವುಟದಿಂದ ಬಂದದ್ದು ಅನ್ನಬಹುದಲ್ಲ?

ಉತ್ತರ:
ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲು ಬರುವ ಪ್ರಶ್ನೆಯೇ ಇದು ಸರ್, ಕೇಳಿದ್ದು ಒಳ್ಳೆಯದಾಯಿತು. ಆ ವರ್ಷ ಯಾವ ಯಾವ ಸಮಯಕ್ಕೆ ಪೇಸರ್ ಇದ್ದರು ಅನ್ನುವ ಪಟ್ಟಿ ಪಡೆಯಬೇಕು. ಪೇಸರ್ ಇಲ್ಲದ ದುಂಡು ಸಂಖ್ಯೆಯ ಹತ್ತಿರವೂ ಗುಡ್ಡೆ ಕಂಡರೆ ಬಾವುಟದ ವಾದ ನಿಲ್ಲುವುದಿಲ್ಲ. ಆಕಾರವನ್ನೂ ನೋಡಬೇಕು. ಬಾವುಟದ ಹಿಂದೆ ಓಡಿದವರು ಅದರ ಸ್ವಲ್ಪ ಹಿಂದೆಮುಂದೆ ಹರಡಿಕೊಳ್ಳುತ್ತಾರೆ. ಗೆರೆಯ ಭಯದಿಂದ ಓಡಿದವರು ಗೆರೆಯ ಒಂದೇ ಕಡೆ ಸೇರುತ್ತಾರೆ. ಪೇಸರ್‌ಗಳೂ ಸ್ವಲ್ಪ ಮೊದಲೇ ಮುಟ್ಟಲು ನೋಡುವುದರಿಂದ ಇದೊಂದನ್ನೇ ನಂಬಬಾರದು, ಎರಡನ್ನೂ ಮಾಡಬೇಕು.

ಹೊರ ಊರಿನವರ ವಿಷಯದಲ್ಲೂ ಇಂಥದೇ ತೊಡಕಿದೆ. ಹುಬ್ಬಳ್ಳಿಯಿಂದ ರೈಲು ಹತ್ತಿ, ಲಾಡ್ಜ್ ಹಿಡಿದು ಬರುವವರು ಮೊದಲೇ ಗಟ್ಟಿ ಓಟಗಾರರಾಗಿರುತ್ತಾರೆ. ಅವರನ್ನು ಜಯನಗರದಿಂದ ಗೆಳೆಯರ ಜೊತೆ ಸುಮ್ನೆ ಬಂದವರಿಗೆ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. 5 ಕಿಲೋಮೀಟರನ್ನು ಒಂದೇ ಹೊತ್ತಿಗೆ ದಾಟಿದವರನ್ನು ಮಾತ್ರ ಹೋಲಿಸಿ.

ಪ್ರವಾಸದ ಭಾಗಕ್ಕೆ ಬಿಬ್ ಕೊಡುವ ಜಾಗದಲ್ಲಿ ನಿಂತು ಎರಡೇ ಪ್ರಶ್ನೆ ಕೇಳಿ. 'ವಾಪಸ್ ಟಿಕೆಟ್ ಯಾವ ದಿನದ್ದು?' 'ಈ ಓಟ ಇಲ್ಲದಿದ್ದರೆ ಈ ವಾರ ಬೆಂಗಳೂರಿಗೆ ಬರುತ್ತಿದ್ದಿರಾ?' ಟಿಕೆಟ್ ಆಗಲೇ ಬುಕ್ ಆಗಿರುವುದರಿಂದ ಮೊದಲನೆಯದಕ್ಕೆ ಊಹೆಯ ಉತ್ತರ ಬರುವುದಿಲ್ಲ. ಎರಡನೆಯದು ಊಹೆಯೇ, ಆದರೂ ಬಿಡುವಂತಿಲ್ಲ. ತಂಗಿಯ ಮನೆಗೆ ಹೇಗಿದ್ದರೂ ಬರುತ್ತಿದ್ದವರ ಖರ್ಚನ್ನು ಓಟದಿಂದ ಬಂದ ಆದಾಯ ಅಂತ ಬರೆದುಬಿಡುವ ವರದಿಗಳನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಪ್ರತಿಕ್ರಿಯೆ (ಪ್ರವಾಸೋದ್ಯಮ ವಿದ್ಯಾರ್ಥಿ, ಮಂಗಳೂರು):
ಮೇಡಂ, ನಾನು ಚಾರಣದ ಮೇಲೆ ಮಾಡಬೇಕು ಅಂತಿದ್ದೇನೆ. ಕುದುರೆಮುಖದ ಕಡೆ ಆನ್‌ಲೈನ್ ಬುಕಿಂಗ್ ಇದೆ. ದುಡ್ಡು ಕಟ್ಟಿದವರೆಲ್ಲ ಬಂದೇ ಬರುತ್ತಾರಾ ಅಂತ ನೋಡಬಹುದಾ?

ಉತ್ತರ:
ನೋಡಬಹುದು. ಇದಕ್ಕೆ ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗ ಓದಿ. ಅಮೆರಿಕದ ಓಹಾಯೋದಲ್ಲಿ ನಾಟಕದ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ 15 ಡಾಲರ್, ಕೆಲವರಿಗೆ 2 ಅಥವಾ 7 ಡಾಲರ್ ರಿಯಾಯಿತಿ. ಯಾರಿಗೆ ಯಾವ ದರ ಅನ್ನುವುದು ಲಾಟರಿಯಂತೆ. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಕಟ್ಟಿದವರು ಜಾಸ್ತಿ ನಾಟಕಗಳಿಗೆ ಹೋದರು. ಎರಡನೇ ಅರ್ಧಕ್ಕೆ ಆ ವ್ಯತ್ಯಾಸ ಹೋಯಿತು.

ಚಾರಣದಲ್ಲಿ ಎಲ್ಲರಿಗೂ ಒಂದೇ ದರ ಆದರೆ ದರದ ಪರಿಣಾಮ ನೋಡಲಾಗದು. ಬುಕ್ ಮಾಡಿದ ದಿನಕ್ಕೂ ಹತ್ತುವ ದಿನಕ್ಕೂ ಎಷ್ಟು ಅಂತರ, ಬಂದರಾ ಇಲ್ಲವಾ, ಅಂದು ಮಳೆ ಇತ್ತಾ, ಇಷ್ಟನ್ನು ಹೆಸರಿಲ್ಲದೆ ಅರಣ್ಯ ಇಲಾಖೆಗೆ ಪತ್ರ ಬರೆದು ಕೇಳಿ. ಮಳೆಯ ಲೆಕ್ಕ ಬಿಟ್ಟರೆ ಮಲೆನಾಡಿನಲ್ಲಿ ಯಾವ ಉತ್ತರವೂ ನಿಲ್ಲದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಒಂದೇ ಭಯ. ಅಷ್ಟೆಲ್ಲ ಮಾಡಿ 60 ನಿಮಿಷದ ಹತ್ತಿರ ಗುಡ್ಡೆಯೇ ಕಾಣದಿದ್ದರೆ?

ಉತ್ತರ:
ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆಯಿರಿ, ಅದೂ ಫಲಿತಾಂಶವೇ. ಆಮೇಲೆ 55, 62, 70 ಅಂತ ಗುಡ್ಡೆ ಸಿಗುವವರೆಗೂ ಹುಡುಕುತ್ತಾ ಹೋಗಬೇಡಿ, ಹಾಗೆ ಹುಡುಕಿದರೆ ಎಲ್ಲಾದರೂ ಒಂದು ಸಿಕ್ಕೇ ಸಿಗುತ್ತದೆ. ಯಾವ ಗೆರೆ ನೋಡುತ್ತೀರಿ, ಗೆರೆಯ ಎರಡೂ ಕಡೆ ಎಷ್ಟು ಸೆಕೆಂಡ್ ಎಣಿಸುತ್ತೀರಿ, ಯಾರನ್ನು ಬಿಡುತ್ತೀರಿ ಅಂತ ಈಗಲೇ ಒಂದು ಹಾಳೆಯಲ್ಲಿ ಬರೆಯಿರಿ. ಗೈಡ್ ಹತ್ತಿರ ತಾರೀಖು ಸಮೇತ ಸಹಿ ಹಾಕಿಸಿಕೊಳ್ಳಿ. ಡೇಟಾ ಫೈಲ್ ತೆರೆಯುವುದು ಅದಾದ ಮೇಲೆ.