ಪದಚರ್ಚೆ: ಅಕ್ಕಿಹಿಟ್ಟಿನ ಶಾವಿಗೆಗೆ ಫಲಕದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ, ದಾವಣಗೆರೆಯಿಂದ

ಮಾನ್ಯರೇ,

ಇಲ್ಲಿನ ಪಿ.ಜೆ. ಬಡಾವಣೆಯಲ್ಲಿ ಕೆಲವು ಗೃಹಿಣಿಯರು ಸೇರಿ ತಿಂಡಿಯ ಅಂಗಡಿಯೊಂದನ್ನು ತೆರೆಯುತ್ತಿದ್ದಾರೆ. ಅಂಗಡಿಯ ಫಲಕವನ್ನೂ, ಮನೆಯಲ್ಲೇ ಮಾಡಿಕೊಳ್ಳುವವರಿಗೆ ಹಿಟ್ಟಿನ ಪೊಟ್ಟಣದೊಡನೆ ಕೊಡುವ ಕರಪತ್ರವನ್ನೂ ತಮಿಳಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ತಿಂಡಿಯ ಹೆಸರು ಮೂಲದಲ್ಲಿ ಇಡಿಯಪ್ಪಂ. ಅಕ್ಕಿಹಿಟ್ಟನ್ನು ಬಣ್ಣ ಬದಲಾಗದಂತೆ ಬೆಚ್ಚಗೆ ಹುರಿದು, ಉಪ್ಪು ಮತ್ತು ತುಸು ಎಣ್ಣೆ ಬೆರೆಸಿದ ಕುದಿಯುವ ನೀರನ್ನು ಹೊಯ್ದು ಕಲಸಿ, ಬಿಸಿ ಆರುವ ಮೊದಲೇ ಇಡ್ಲಿ ತಟ್ಟೆಯ ಮೇಲೆ ಸುತ್ತುಸುತ್ತಾಗಿ ಒತ್ತಿ, 8ರಿಂದ 10 ನಿಮಿಷ ಹಬೆಯಲ್ಲಿ ಬೇಯಿಸಬೇಕೆಂದು ಕರಪತ್ರ ಹೇಳುತ್ತದೆ.

ಬರಿದೆ ‘ಶಾವಿಗೆ’ ಎಂದು ಬರೆದರೆ ನಮ್ಮ ಊರಿನವರು ಗೋಧಿಯ ಶಾವಿಗೆಯನ್ನೇ ನಿರೀಕ್ಷಿಸುತ್ತಾರೆ; ಬಸಿದು, ಹಾಲು ಬೆಲ್ಲ ಹಾಕಿಕೊಂಡು ಉಣ್ಣುವ ಹಬ್ಬದ ಅಡುಗೆ ಅದು. ‘ಇಡಿಯಪ್ಪ’ ಎಂದರೆ ‘ಇಡೀ ಅಪ್ಪ’ ಎಂದು ಬಿಡಿಸಿ ನಗುತ್ತಾರೆ. ಫಲಕ ಬರೆಯುವವರು ಗುರುವಾರ ಬರಲಿದ್ದಾರೆ. ಒತ್ತುವ ಸಾಧನಕ್ಕೂ ಒಂದು ಪದ ಬೇಕು.

ಉತ್ತರ, ಚಿತ್ರದುರ್ಗದಿಂದ

ನಿಮ್ಮ ಪದ ‘ಒತ್ತುಶಾವಿಗೆ’. ಮೈಸೂರು, ಹಾಸನ, ಬೆಂಗಳೂರಿನ ಕಡೆ ಇದು ಮನೆಮಾತು. ಗೋಧಿಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇರುವುದರಿಂದ ಅದನ್ನು ತಣ್ಣೀರಿನಲ್ಲಿ ನಾದಿ ಎಳೆಯಬಹುದು, ಮಣೆಯ ಮೇಲೆ ಹೊಸೆಯಬಹುದು, ಕೋಲಿನ ಮೇಲೆ ಒಣಹಾಕಬಹುದು. ಅಕ್ಕಿಗೆ ಆ ಗುಣವಿಲ್ಲ. ಬಿಸಿನೀರು ತಾಗಿ ಪಿಷ್ಟ ಉಬ್ಬಿ ಅಂಟಾದ ಮೇಲೆಯೇ ಅದು ಎಳೆಯಾಗಿ ನಿಲ್ಲುತ್ತದೆ, ಅದೂ ತೂತಿನ ಮೂಲಕ ಒತ್ತಿದಾಗ. ಆದ್ದರಿಂದ ‘ಒತ್ತು’ ಎಂಬ ಮೊದಲ ಪದವೇ ಧಾನ್ಯವನ್ನೂ ಸೂಚಿಸಿಬಿಡುತ್ತದೆ. ರಚನೆಯ ಬಗ್ಗೆ ಸಂಶಯ ಬೇಡ: ಹುರಿಗಡಲೆಯನ್ನು ನಾವು ‘ಹುರಿದ ಕಡಲೆ’ ಎಂದು ಬಿಡಿಸುವುದಿಲ್ಲವಷ್ಟೆ.

ಸಾಧನಕ್ಕೆ ‘ಶಾವಿಗೆ ಒರಳು’ ಎನ್ನಿ. ಚಕ್ಕುಲಿ ಒರಳಿಗೇ ಸಣ್ಣ ತೂತಿನ ಬಿಲ್ಲೆ ಹಾಕಿಕೊಳ್ಳುವವರೂ ಇದ್ದಾರೆಂದು ಕರಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಉತ್ತರ, ಹೊಸದುರ್ಗದಿಂದ

ಒಪ್ಪಲಾರೆ. ಒತ್ತುಶಾವಿಗೆಯಲ್ಲಿ ಅಕ್ಕಿಹಿಟ್ಟನ್ನು ಒಲೆಯ ಮೇಲೆ ಮಗುಚಿ, ಮುದ್ದೆ ಕಟ್ಟಿ, ಆ ಉಂಡೆಗಳನ್ನು ಬೇಯಿಸಿ, ಆಮೇಲೆ ಒತ್ತುತ್ತಾರೆ. ಒತ್ತಿದ ಮೇಲೆ ಮತ್ತೆ ಹಬೆಗೆ ಇಡುವುದಿಲ್ಲ. ಪ್ರಶ್ನೆ ಕೇಳಿದವರ ತಿಂಡಿಯಲ್ಲಿ ಒತ್ತುವುದು ಮೊದಲು, ಬೇಯಿಸುವುದು ಅನಂತರ. ಕ್ರಮ ತಿರುಗಿದ ಮೇಲೆ ಹೆಸರು ಒಂದೇ ಇರಬೇಕೆಂಬ ಹಟ ಏಕೆ?

ಇನ್ನು ‘ಶಾವಿಗೆ’ ಎಂಬ ಪದವೇ ಸಂಸ್ಕೃತದ ‘ಸೇವಿಕಾ’ ಎಂಬುದರ ತದ್ಭವ. ಕೊಡಗಿನ ‘ನೂಲ್‌ಪುಟ್ಟು’ ಕಣ್ಣೆದುರಿಗೇ ಇರುವಾಗ ಕಡ ತರುವುದು ಬೇಡ. ಹಳಗನ್ನಡದ ‘ಪಿಟ್ಟು’ ಹೊಸಗನ್ನಡದಲ್ಲಿ ‘ಹಿಟ್ಟು’ ಆದಂತೆ ಇದು ‘ನೂಲುಹಿಟ್ಟು’ ಆಗುತ್ತದೆ. ಶಾವಿಗೆಯನ್ನೇ ಇಟ್ಟುಕೊಳ್ಳುವುದಾದರೂ, ನಮ್ಮ ಜನರು ನುಡಿಯದ ಶಕಾರವನ್ನು ಬಿಟ್ಟು ‘ಸಾವಿಗೆ’ ಎಂದು ಬರೆಯುವುದು ನ್ಯಾಯ.

ಉತ್ತರ, ಚಿತ್ರದುರ್ಗದಿಂದ

ಅಂಗಡಿಯ ಮುಂದೆ ‘ಬಿಸಿ ಬಿಸಿ ಸಾವಿಗೆ’ ಎಂದು ಬರೆಸಿ ನೋಡಿ. ಚತುರ್ಥೀ ವಿಭಕ್ತಿಯನ್ನು ಓದಬಲ್ಲ ಯಾವ ಗಿರಾಕಿಯೂ ಒಳಗೆ ಕಾಲಿಡುವುದಿಲ್ಲ.

‘ನೂಲುಹಿಟ್ಟು’ ಧ್ವನಿನಿಯಮಕ್ಕೆ ಒಪ್ಪುತ್ತದೆ, ಊರಿಗೆ ಒಪ್ಪುವುದಿಲ್ಲ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ಅದನ್ನು ಮಗ್ಗದ ನೂಲಿಗೆ ಹಾಕುವ ಗಂಜಿಯೆಂದೇ ತಿಳಿದಾರು. ಅಷ್ಟಕ್ಕೂ ‘ಪಿಟ್ಟು’ ಹಿಟ್ಟಾದಾಗ ಅರ್ಥವೂ ಸರಿದಿದೆ: ಕೊಡಗಿನಲ್ಲಿ ‘ಪುಟ್ಟು’ ಎಂದರೆ ಬೆಂದ ತಿಂಡಿ, ನಮ್ಮಲ್ಲಿ ‘ಹಿಟ್ಟು’ ಎಂದರೆ ಬೇಯದ ಪುಡಿ. ರಾಗಿಯ ಮುದ್ದೆಯನ್ನು ‘ಹಿಟ್ಟು’ ಎನ್ನುವ ಸೀಮೆಗಳಿವೆ ಎಂದು ಯಾರಾದರೂ ಎದ್ದು ಹೇಳುವ ಮೊದಲೇ ಹೇಳಿಬಿಡುತ್ತೇನೆ: ಇವೆ, ಆದರೆ ಫಲಕ ದಾವಣಗೆರೆಯಲ್ಲಿ ನಿಲ್ಲುತ್ತದೆ.

ಉತ್ತರ, ಮಂಗಳೂರಿನಿಂದ

ಇಲ್ಲಿ ತುಳುವಿನಲ್ಲಿ ಇದನ್ನು ‘ಸೇಮೆ’ ಎನ್ನುತ್ತೇವೆ. ಬೆಲ್ಲ ಹಾಕಿದ ಕಾಯಿಹಾಲಿನೊಡನೆ ತಿನ್ನುತ್ತೇವೆ. ಆ ಪದವನ್ನು ಸೂಚಿಸೋಣವೆಂದುಕೊಂಡಿದ್ದೆ, ಆದರೆ ಸಾಮೆ ಬೆಳೆಯುವ ಹೊಸದುರ್ಗ ನಿಮಗೆ ಅಷ್ಟು ಹತ್ತಿರವಿರುವಾಗ ಸಿರಿಧಾನ್ಯದ ತಿಂಡಿಯೆಂಬ ಗೊಂದಲ ಖಂಡಿತ.

ನನಗೆ ಅರ್ಥವಾಗದಿರುವುದು ‘ಇಡಿಯಪ್ಪ’ದ ಮೇಲಿನ ಮುನಿಸು. ತಮಿಳಿನಲ್ಲಿ ‘ಇಡಿ’ ಎಂದರೆ ಕುಟ್ಟಿ ಪುಡಿಮಾಡು. ‘ಅಪ್ಪ’ ಕನ್ನಡದಲ್ಲೂ ಇದೆ. ಸಿಂಹಳದವರು ‘ಇಂದಿಯಾಪ್ಪ’ ಎಂದು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು, ಮಲಯದವರು ‘ಪುಟು ಮಾಯಾಂ’ ಎಂದರು. ಯಾರ ಭಾಷೆಯೂ ಕೆಡಲಿಲ್ಲ. ಮಂಡಕ್ಕಿಯ ಜೊತೆಗೆ ಮಿರ್ಚಿ ಎಂದೇ ಕೇಳಿ ತಿನ್ನುವ ಊರು ಇನ್ನೊಂದು ಎರವಲು ಪದಕ್ಕೆ ಹೆದರಬೇಕಾಗಿಲ್ಲ.

ಉತ್ತರ, ಹೊಸದುರ್ಗದಿಂದ

‘ಅಪ್ಪ’ ಕನ್ನಡದ್ದೆಂದು ಅಷ್ಟು ಸುಲಭವಾಗಿ ಬರೆಯಬೇಡಿ. ಋಗ್ವೇದದಲ್ಲಿಯೇ ‘ಅಪೂಪ’ ಇದೆ. ಮಿರ್ಚಿ ಬಂದದ್ದು ಜನರ ಬಾಯಿಂದ; ಇಡಿಯಪ್ಪ ಬರುತ್ತಿರುವುದು ಭಾಷಾಂತರಕಾರರ ಲೇಖನಿಯಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ವಾದವಲ್ಲ.

ಉತ್ತರ, ಮಂಗಳೂರಿನಿಂದ

ಅಪೂಪವೇ ದ್ರಾವಿಡದಿಂದ ಹೋದದ್ದೆಂದು ವಾದಿಸುವವರೂ ಇದ್ದಾರೆ. ಶಾವಿಗೆಯನ್ನು ಸೇವಿಕಾಗೆ, ಅಪ್ಪವನ್ನು ಅಪೂಪಕ್ಕೆ ಒಪ್ಪಿಸಿಬಿಟ್ಟರೆ ನಿಮ್ಮ ಶುದ್ಧ ಕನ್ನಡದ ತಟ್ಟೆಯಲ್ಲಿ ಉಳಿಯುವುದು ಉಪ್ಪು, ನೀರು.

ಪ್ರಶ್ನೆ ಕೇಳಿದವರಿಂದ, ದಾವಣಗೆರೆ

ಎಲ್ಲರಿಗೂ ವಂದನೆಗಳು. ಬೇಯಿಸುವ ಕ್ರಮದ ಬಗ್ಗೆ ಹೊಸದುರ್ಗದವರು ಎತ್ತಿದ ಆಕ್ಷೇಪ ಸರಿಯಾದದ್ದೇ. ಆದರೆ ಅದು ಅಡುಗೆಮನೆಯೊಳಗಿನ ವ್ಯತ್ಯಾಸ; ತಟ್ಟೆಗೆ ಬಂದ ಎಳೆಯನ್ನು ನೋಡಿ ಗಿರಾಕಿ ಅದನ್ನು ಗುರುತಿಸಲಾರ. ಹೀಗಾಗಿ ಫಲಕಕ್ಕೆ ‘ಅಕ್ಕಿ ಒತ್ತು ಶಾವಿಗೆ’ ಎಂದು ಬರೆಸುತ್ತೇನೆ. ಕ್ರಮ ಮುಖ್ಯವಾಗುವ ಕರಪತ್ರದಲ್ಲಿ ಮಾತ್ರ, ‘ತಮಿಳು ಮತ್ತು ಮಲಯಾಳದಲ್ಲಿ ಇಡಿಯಪ್ಪಂ ಎನ್ನುವ, ಒತ್ತಿದ ಮೇಲೆ ಹಬೆಯಲ್ಲಿ ಬೇಯಿಸುವ ಬಗೆ’ ಎಂದು ಮೊದಲಿಗೇ ವಿವರಿಸುತ್ತೇನೆ. ಸಾಧನಕ್ಕೆ ಶಾವಿಗೆ ಒರಳು ಎಂಬುದನ್ನೇ ಇಟ್ಟುಕೊಂಡಿದ್ದೇನೆ.

ಉತ್ತರ, ಚಿತ್ರದುರ್ಗದಿಂದ

‘ಒತ್ತುಶಾವಿಗೆ’ ಒಂದೇ ಪದ. ಬಿಡಿಸಿ ಬರೆಸಿದರೆ ಅಡುಗೆಯವರಿಗೆ ಕೊಟ್ಟ ಅಪ್ಪಣೆಯಂತೆ ಓದಿಸಿಕೊಳ್ಳುತ್ತದೆ. ಗುರುವಾರದೊಳಗೆ ಕೂಡಿಸಿಬಿಡಿ.